ಹಡಗಿಗೆ ಒಂದು ಹಗಲು ಬಾಕಿ

ಮೊದಲು ಬೀಗದ ಕೈಗಳು. ಶಾಲೆಯದೊಂದು, ಪುಸ್ತಕದ ಕೋಣೆಯದೊಂದು, ಹಣದ ಪೆಟ್ಟಿಗೆಯದೊಂದು, ಔಷಧದ ಕಪಾಟಿನದೊಂದು, ಕೊಟ್ಟಿಗೆಯ ಹಿಂದಿನ ಸೌದೆ ಕೋಣೆಯದೊಂದು. ಒಂದೊಂದಕ್ಕೂ ಚೀಟಿ ಕಟ್ಟಬೇಕು. ಹತ್ತು ವರ್ಷ ಕತ್ತಲಲ್ಲೂ ಬೆರಳಿಗೇ ಗುರುತು ಸಿಗುತ್ತಿದ್ದ ಕೈಗಳಿವು. ನಾಳೆಯಿಂದ ಇನ್ನೊಬ್ಬರ ಬೆರಳಿಗೆ ಹೋಗುತ್ತವೆ, ಅವರಿಗೆ ಚೀಟಿ ಬೇಕೇ ಬೇಕು.

1893ರ ಮಾರ್ಚ್ ಎಂದಿಟ್ಟುಕೊಳ್ಳಿ. ಮಂಗಳೂರಿನ ಬಲ್ಮಠ ಗುಡ್ಡದ ಮೇಲಿನ ಬಂಗಲೆ. ಬೆಳಗಿನ ಐದು ಗಂಟೆಗೇ ಸೆಕೆ ಎದ್ದು ಕೂತಿದೆ. ಜಗಲಿಯಲ್ಲಿ ಲಾಟೀನಿನ ಮುಂದೆ ಚೀಟಿ ಕಟ್ಟುತ್ತಿರುವ ಪಾದ್ರಿಗೆ ನಾನು ಹೆಸರಿಟ್ಟಿಲ್ಲ. ಅವರು ಇದ್ದವರೂ ಹೌದು, ಇಲ್ಲದವರೂ ಹೌದು. ಬಾಸೆಲ್ ಮಿಶನ್ನಿನ ಪಾದ್ರಿಗಳು ಹೇಗೆ ಬಂದರು, ಹೇಗೆ ಬದುಕಿದರು, ಹೇಗೆ ಊರಿಗೆ ಹೋದರು ಎಂದು ತಿಳಿದ ಸಂಗತಿಗಳನ್ನು ಸೇರಿಸಿ ನಾನು ಕಟ್ಟಿಕೊಂಡ ಒಬ್ಬ ಮನುಷ್ಯ. ಹಡಗು ಹತ್ತುವ ಹಿಂದಿನ ದಿನ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. ನನಗೆ ಆಸಕ್ತಿ ಇರುವುದು ಆ ಗಡಿಬಿಡಿಯಲ್ಲೇ. ನೂರು ವರ್ಷದ ವರದಿಗಳು ಹೇಳದ್ದನ್ನು ಕಟ್ಟಿಟ್ಟ ಗಂಟುಮೂಟೆ ಹೇಳಿಬಿಡುತ್ತದೆ.

ಮಾರ್ಚೇ ಯಾಕೆ ಎಂದರೆ ಕಾರಣ ಕಡಲಲ್ಲಿದೆ. ಇಂದು ಪಣಂಬೂರಿನಲ್ಲಿರುವ ಬಂದರು ಆಗ ಯಾರ ಕನಸಿನಲ್ಲೂ ಇರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆಯೇ ಬಾಗಿಲು. ಆ ಬಾಗಿಲಿಗೆ ಮರಳಿನ ದಿಬ್ಬವೇ ಹೊಸ್ತಿಲು. ಉಗಿಹಡಗು ಹೊಸ್ತಿಲು ದಾಟುವ ಹಾಗಿಲ್ಲ, ಹೊರಗಿನ ಆಳ ನೀರಿನಲ್ಲೇ ನಿಲ್ಲುತ್ತದೆ. ಜನ, ಸಾಮಾನು, ಹಂಚು, ಕಾಫಿ ಎಲ್ಲವೂ ದೋಣಿಯಲ್ಲಿ, ಮಂಜಿಯಲ್ಲಿ ಅಲ್ಲಿಗೆ ಹೋಗಿ ಹತ್ತಬೇಕು. ಜೂನ್ ಬಂತೆಂದರೆ ಅಳಿವೆ ಮುಚ್ಚಿದ ಹಾಗೆ. ಮಳೆಗಾಲ ಮುಗಿಯುವವರೆಗೆ ಮಂಗಳೂರು ಹೆಚ್ಚುಕಡಿಮೆ ದ್ವೀಪ. ರೈಲು ಇಲ್ಲಿಗೆ ಬಂದದ್ದು 1907ರಲ್ಲಿ. ಹಾಗಾಗಿ ಊರಿಗೆ ಹೋಗುವವರು ಮಳೆಗೆ ಮುಂಚೆಯೇ ಜಾಗ ಖಾಲಿ ಮಾಡಬೇಕು. ಇನ್ನೊಂದು ಅನುಕೂಲವೂ ಇದೆ: ಮಾರ್ಚಿನಲ್ಲಿ ಹೊರಟರೆ ಅಲ್ಲಿ ಇಳಿಯುವಾಗ ಹಿಮ ಕರಗಿ ವಸಂತ. ಇಲ್ಲಿನ ಬಿಸಿಲಿಗೆ ಒಗ್ಗಿದ ಮೈಯನ್ನು ಜನವರಿಯ ಬಾಸೆಲ್‌ನಲ್ಲಿ ಇಳಿಸಿದರೆ ಗತಿಯೇನು?

ಇಂಗ್ಲಿಷರು ಊರಿಗೆ ಹೋಗುವ ಈ ರಜೆಗೆ ಫರ್ಲೋ ಎನ್ನುತ್ತಿದ್ದರು. ನಮ್ಮ ಪತ್ರಿಕೆಗಳಲ್ಲಿ ಈಗ ಆ ಶಬ್ದ ಕಾಣುವುದು ಜೈಲಿನ ಸುದ್ದಿಯಲ್ಲಿ ಮಾತ್ರ, ಪೆರೋಲಿನ ತಮ್ಮನ ಹಾಗೆ. ಸಿಪಾಯಿಗೂ ಪಾದ್ರಿಗೂ ಕೈದಿಗೂ ಒಂದೇ ಶಬ್ದ ಸಾಕಾದದ್ದು ಸುಮ್ಮನೆ ಅಲ್ಲ; ಮೂವರಿಗೂ ವಾಪಸಾಗುವ ದಿನ ಮೊದಲೇ ಗೊತ್ತು.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ದುಡ್ಡು ಹೆಚ್ಚಾಗಿ ಅಲ್ಲಿನ ವ್ಯಾಪಾರಸ್ಥರದ್ದು. ಹುಡುಗರು ಹೆಚ್ಚಾಗಿ ಪಕ್ಕದ ಜರ್ಮನಿಯ ವುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮನೆಯವರು. ಕಂಪನಿ ಸರ್ಕಾರ 1833ರ ಕಾನೂನಿನಲ್ಲಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆದ ಮೇಲೆ, ಮರುವರ್ಷವೇ ಮೂವರು ಹೊರಟರು: ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್. ಜುಲೈನಲ್ಲಿ ಇಂಗ್ಲೆಂಡಿನ ದಡ ಬಿಟ್ಟವರು ಆಫ್ರಿಕವನ್ನು ಸುತ್ತಿಕೊಂಡು ಅಕ್ಟೋಬರಿನಲ್ಲಿ ಕಲ್ಲಿಕೋಟೆ ಮುಟ್ಟಿ, ತಿಂಗಳ ಕೊನೆಗೆ ಮಂಗಳೂರಿಗೆ ಬಂದರು. ಅವರ ಕಾಲಕ್ಕೆ ‘ಊರಿಗೆ ಹೋಗಿಬರುವುದು’ ಎಂಬ ಮಾತಿಗೇ ಅರ್ಥವಿರಲಿಲ್ಲ. ಹೋಗಲು ಮೂರ್ನಾಲ್ಕು ತಿಂಗಳು, ಬರಲು ಅಷ್ಟೇ. ಮದುವೆಯನ್ನೇ ಆಗದ ಹೆಬಿಕ್ ಇಪ್ಪತ್ತೈದು ವರ್ಷ ಈ ಕರಾವಳಿಯಲ್ಲೇ ತಿರುಗಿ, 1859ರಲ್ಲಿ ಕಾಯಿಲೆ ತಾಳಲಾರದೆ ಹಡಗು ಹತ್ತಿದವರು ಮತ್ತೆ ಬರಲಿಲ್ಲ. 1869ರ ನವೆಂಬರಿನಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಲೆಕ್ಕ ಬದಲಾಯಿತು. ಬೊಂಬಾಯಿಯಿಂದ ಯುರೋಪಿಗೆ ಮೂರು ನಾಲ್ಕು ವಾರ. ಊರು ಹತ್ತಿರವಾಯಿತು. ಹತ್ತಿರವಾದದ್ದೇ ನೆನಪಾಗತೊಡಗಿತು.

ಬಲ್ಮಠದಲ್ಲಿ ಈಗ ಬೆಳಕು ಹರಿದಿದೆ. ಬೀಗದ ಕೈ ಆದ ಮೇಲೆ ಲೆಕ್ಕ. ಬಾಸೆಲಿನಲ್ಲಿ ಕೂತ ಕಮಿಟಿ ಎಂದರೆ ಈ ಪಾದ್ರಿಗಳಿಗೆ ಅತ್ತೆಮನೆ. ಯಾವ ಠಾಣೆಗೆ ಯಾರು, ಯಾರನ್ನು ಯಾವಾಗ ಮದುವೆಯಾಗಬೇಕು, ಯಾರು ಯಾವ ವರ್ಷ ಊರಿಗೆ ಬರಬಹುದು, ಎಲ್ಲಕ್ಕೂ ಅಲ್ಲಿಂದ ಅಪ್ಪಣೆ ಆಗಬೇಕು. ಹೊಸದಾಗಿ ಬಂದ ಹುಡುಗ ಮೊದಲ ಎರಡು ವರ್ಷ ಮದುವೆಯ ಸುದ್ದಿ ಎತ್ತುವಂತಿಲ್ಲ. ಆಮೇಲೆ ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಒಬ್ಬಳು ಹುಡುಗಿ, ಎಷ್ಟೋ ಸಲ ಒಮ್ಮೆಯೂ ಮುಖ ನೋಡದವಳು, ಹಡಗು ಹತ್ತಿ ಬರುತ್ತಾಳೆ. ಬಂದರಿನಲ್ಲಿ ಗುರುತು ಹಿಡಿಯುವುದೇ ಮೊದಲ ಭೇಟಿ. ನಮ್ಮ ಅಜ್ಜ ಅಜ್ಜಿಯರ ಮದುವೆ ಕೇಳಿ ನಗುವವರು ಇದನ್ನೂ ಕೇಳಬೇಕು.

ಅಪ್ಪಣೆ ಕೊಡುವ ಕಮಿಟಿಗೆ ಕಾಗದ ಬೇಕು. ವರ್ಷದ ವರದಿ, ತಿಂಗಳ ಖರ್ಚು, ದೀಕ್ಷೆ ಪಡೆದವರ ಪಟ್ಟಿ, ಸಭೆಯಿಂದ ಹೊರಗಾದವರ ಪಟ್ಟಿ, ಶಾಲೆಯ ಹಾಜರಿ, ಬಾವಿಯ ದುರಸ್ತಿ. ಆ ಕಾಗದಗಳು ಬಾಸೆಲಿನ ದಾಖಲೆ ಸಂಗ್ರಹದಲ್ಲಿ ಈಗಲೂ ಕೂತಿವೆ. ದಕ್ಷಿಣ ಕನ್ನಡದ, ಧಾರವಾಡದ, ಕೊಡಗಿನ ಹತ್ತೊಂಬತ್ತನೆಯ ಶತಮಾನವನ್ನು ಬರೆಯಹೊರಟ ಸಂಶೋಧಕರು ಹಳೆಯ ಜರ್ಮನ್ ಕೈಬರಹ ಓದಲು ಕಲಿತು ಅಲ್ಲಿಗೆ ಹೋಗುತ್ತಾರೆ. ನಮ್ಮ ಪಾದ್ರಿ ಮಾತ್ರ ಇದಾವುದನ್ನೂ ಯೋಚಿಸುತ್ತಿಲ್ಲ. ಅವರಿಗೆ ಆರಾಣೆ ಲೆಕ್ಕ ತಾಳೆಯಾಗುತ್ತಿಲ್ಲ. ಸೀಮೆಎಣ್ಣೆಯೋ, ಕುದುರೆ ಹುರುಳಿಯೋ? ಕೊನೆಗೆ ತಮ್ಮ ಜೇಬಿನಿಂದ ಆರಾಣೆ ತೆಗೆದು ಪೆಟ್ಟಿಗೆಗೆ ಹಾಕುತ್ತಾರೆ. ಆರಾಣೆ ಕಡಿಮೆ ಎಂದು ಬಾಸೆಲಿಗೆ ವಿವರಣೆ ಬರೆಯುವುದಕ್ಕಿಂತ ಇದು ಅಗ್ಗ.

ಮುಂದಿನ ಕೆಲಸ ಗುಡ್ಡ ಇಳಿದು ಅಚ್ಚುಕೂಟಕ್ಕೆ ಹೋಗುವುದು. 1841ರಲ್ಲಿ ಕಲ್ಲಚ್ಚಿನಿಂದ ಶುರುವಾದ ಈ ಅಚ್ಚುಕೂಟದಲ್ಲೇ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು. ಈಗ, ನಾವು ಕಲ್ಪಿಸಿಕೊಂಡ ಈ 1893ರ ಮಾರ್ಚಿನಲ್ಲಿ, ಅಲ್ಲಿ ಯಂತ್ರಕ್ಕೆ ಸಿಕ್ಕಿರುವುದು ಬೇರೆಯೇ ಆನೆ: ಫರ್ಡಿನಂಡ್ ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು. ಹೊರಬರುವುದು ಮರುವರ್ಷ, ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು ಎಪ್ಪತ್ತು ಸಾವಿರ ಶಬ್ದ. ನಿಘಂಟು ಅಚ್ಚಾಗುತ್ತಿರುವುದು ಮಂಗಳೂರಿನಲ್ಲಿ, ನಿಘಂಟುಕಾರರು ಇರುವುದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. 1853ರಲ್ಲಿ ಬಂದ ಕಿಟೆಲ್ 1877ರಲ್ಲಿ ಜರ್ಮನಿಗೆ ಹೋಗಿ, 1883ರಲ್ಲಿ ಮತ್ತೆ ಬಂದು, 1892ರಲ್ಲಿ ಕೊನೆಯದಾಗಿ ಹಿಂದಿರುಗಿದ್ದರು. ಹಾಗಾಗಿ ಹಾಳೆಗಳು ಅರಬ್ಬೀ ಸಮುದ್ರ ದಾಟಿ ಹೋಗಬೇಕು, ತಿದ್ದುಪಡಿ ದಾಟಿ ಬರಬೇಕು. ಅಂಚೆಯಿತ್ತು, ನಿಜ. ಆದರೂ ಊರಿಗೆ ಹೊರಟವರು ಸಿಕ್ಕರೆ ಒಂದು ಕಟ್ಟು ಕೈಗೆ ಕೊಡದೆ ಬಿಟ್ಟಾರೆಯೇ? ದುಬೈಗೆ ಹೊರಟ ಪಕ್ಕದ ಮನೆಯ ಹುಡುಗನ ಕೈಗೆ ಹಪ್ಪಳದ ಕಟ್ಟು ಕೊಡದ ಮಂಗಳೂರಿನವರನ್ನು ನಾನಂತೂ ನೋಡಿಲ್ಲ.

ಈ ಕಿಟೆಲ್ ಪ್ರಸಂಗದಲ್ಲಿ ನನಗೆ ಹಿಡಿಸುವುದು ಒಂದು ಸಂಗತಿ. ಊರಿಗೆ ಹೋದರೂ ಅವರಿಗೆ ಊರು ಸಿಗಲಿಲ್ಲ. ಟ್ಯೂಬಿಂಗೆನ್‌ನ ಮೇಜಿನ ಮುಂದೆ ಕೂತು ಅವರು ಮಾಡಿದ್ದು ಕನ್ನಡದ ಕೆಲಸವನ್ನೇ. ನಿಘಂಟಿನ ಮುನ್ನುಡಿಯ ಕೆಳಗೆ ಬಿದ್ದದ್ದು ಟ್ಯೂಬಿಂಗೆನ್ ಎಂಬ ಹೆಸರು. ಆಮೇಲೆ ಬರೆದ ವ್ಯಾಕರಣ ಅಚ್ಚಾದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷದಲ್ಲೇ. ಹೊರಡುವ ದಿನದ ಗಡಿಬಿಡಿಯಲ್ಲಿ ಕೆಲವರು ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಕಿಟೆಲ್ ಮೇಜನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎಳೆದುಕೊಂಡರು, ಅಷ್ಟೇ.

ರಜೆಯೆಂದರೆ ವಿಶ್ರಾಂತಿ ಎಂದು ತಿಳಿದವರಿಗೆ ಜಾರ್ಜ್ ಪ್ಲೆಬ್ಸ್ಟ್ ಕತೆ ಹೇಳಬೇಕು. ಅವರು ಅಚ್ಚುಕೂಟದ ಮನುಷ್ಯ; ಅಚ್ಚುಮೊಳೆ, ಯಂತ್ರ ಅವರ ಲೋಕ. ಜರ್ಮನಿಗೆ ಹೋದಾಗ ಮಣ್ಣಿನ ಕೆಲಸ, ಹಂಚು ಮಾಡುವ ವಿದ್ಯೆ ಕಲಿತರು. ನೇತ್ರಾವತಿಯ ದಡದ ಜೇಡಿ ಎಂಥದ್ದೆಂದು ಪರೀಕ್ಷೆಯಾಯಿತು. ವಾಪಸು ಬಂದು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು, ಒಂದಷ್ಟು ಕೆಲಸಗಾರರು, ಮಣ್ಣು ಕಲಸುವ ಯಂತ್ರ ತಿರುಗಿಸಲು ಎತ್ತು. ಧರ್ಮ ಬದಲಿಸಿ ಜಾತಿ, ಕಸುಬು, ಗೇಣಿ ಜಮೀನು ಎಲ್ಲ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ಬಲ್ಮಠದ ಮಗ್ಗಗಳು, ಜೆಪ್ಪುವಿನ ಹಂಚು ಎರಡೂ ಆ ಹಸಿವಿನಿಂದ ಹುಟ್ಟಿದವು. ಮುಂದೆ ‘ಮಂಗಳೂರು ಹಂಚು’ ಎಂಬ ಹೆಸರು ಸಮುದ್ರದಾಚೆಗೂ ಹೋಯಿತು. ಅಟ್ಟ ಹತ್ತಿ ಹಳೆಯ ಹಂಚನ್ನು ಮಗುಚಿ ನೋಡಿ, ಹೊಟ್ಟೆಯ ಮೇಲೆ 1865 ಎಂಬ ಅಂಕಿ ಕಾಣಬಹುದು. ಆ ಹಂಚು ಯಾವ ವರ್ಷದ್ದಾದರೂ ಸರಿ, ಅಂಕಿ ಕಾರ್ಖಾನೆ ಹುಟ್ಟಿದ ವರ್ಷದ್ದೇ. ಒಬ್ಬ ಪಾದ್ರಿಯ ಊರಿನ ಪ್ರಯಾಣದಲ್ಲಿ ಕಲಿತ ವಿದ್ಯೆಯ ಕೆಳಗೆ ಕರಾವಳಿಯ ಮೂರು ತಲೆಮಾರು ಮಳೆಗೆ ಹೆದರದೆ ಮಲಗಿದವು. ಮುಳಿಹುಲ್ಲಿನ ಮಾಡು ಪ್ರತಿವರ್ಷ ಹೊದೆಸಿದವರಿಗೇ ಆ ನಿದ್ದೆಯ ಬೆಲೆ ಗೊತ್ತು.

ಮಧ್ಯಾಹ್ನದ ಊಟ ನಿಂತಲ್ಲೇ. ಒಳಗೆ ಪೆಟ್ಟಿಗೆಗಳ ಯುದ್ಧ. ಒಳಮೈಗೆ ತಗಡು ಹೊಡೆದ ಪೆಟ್ಟಿಗೆಗಳು, ಇಲ್ಲದಿದ್ದರೆ ಗೆದ್ದಲಿಗೆ ಹಬ್ಬ. ಕರ್ಪೂರ ಹಾಕಿ ಮಡಚಿಟ್ಟ ಉಣ್ಣೆಯ ಕೋಟನ್ನು ಪಾದ್ರಿಯ ಹೆಂಡತಿ ತೆಗೆದು ಬಿಸಿಲಿಗೆ ಹಿಡಿದರೆ ಜರಡಿಯಂತೆ ಆಚೆಯ ತೆಂಗಿನಮರ ಕಾಣುತ್ತದೆ. ಕೋಟು ಹೇಗೂ ಮೈಗಾಗುವುದಿಲ್ಲ. ಹತ್ತು ವರ್ಷದಲ್ಲಿ ಜ್ವರ, ಭೇದಿ, ಕ್ವಿನೈನು ಸೇರಿ ಮನುಷ್ಯನನ್ನು ಅರ್ಧ ಮಾಡಿವೆ.

ಒಂದು ಪೆಟ್ಟಿಗೆ ಮಾತ್ರ ಮನೆಯದಲ್ಲ. ಅದರಲ್ಲಿ ತಾಳೆಗರಿಯ ಕಟ್ಟು, ಒಣಗಿಸಿದ ಗಿಡದೆಲೆಗಳು, ಫೋಟೋಗಳು, ಹಿತ್ತಾಳೆಯ ದೀಪ, ಧರ್ಮ ಬಿಟ್ಟು ಬಂದ ಮನೆಯವರು ಒಪ್ಪಿಸಿದ ಪುಟ್ಟ ವಿಗ್ರಹ. ಊರಿಗೆ ಹೋದ ಪಾದ್ರಿ ಆರಾಮಕುರ್ಚಿಯಲ್ಲಿ ಕೂರುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗಿ ಮಾತಾಡಬೇಕು, ಬೇಸಿಗೆಯ ಮಿಶನ್ ಹಬ್ಬದಲ್ಲಿ ವೇದಿಕೆ ಹತ್ತಬೇಕು. ಈ ದೊಡ್ಡ ಸಂಸಾರ ನಡೆಯುತ್ತಿದ್ದುದೇ ಹಾಗೆ. 1855ರಲ್ಲಿ ಬಾಸೆಲಿನ ರೇಷ್ಮೆ ರಿಬ್ಬನ್ ಉದ್ಯಮಿ ಕಾರ್ಲ್ ಸಾರಸಿನ್ ಅರ್ಧ ಬಾಟ್ಸೆನ್ ವಂತಿಗೆ ಎಂಬ ಏರ್ಪಾಟು ಶುರುಮಾಡಿದ್ದರು. ಅರ್ಧ ಬಾಟ್ಸೆನ್ ಎಂದರೆ ಐದು ಸಾಂತೀಮು, ಚಿಲ್ಲರೆ ಕಾಸು. ವಾರಕ್ಕೊಮ್ಮೆ ಬಡವರ ಮನೆಗಳಿಂದ ಈ ಕಾಸು ಎತ್ತುತ್ತಿದ್ದರು. ಹಾಲು ಮಾರುವ ಹೆಂಗಸು, ನೂಲುವ ಹುಡುಗಿ ಕೊಟ್ಟ ಕಾಸು ಸೇರಿ ಮಂಗಳೂರಿನ ಶಾಲೆಯ ಮಾಡಾಗುತ್ತಿತ್ತು. ಕೊಟ್ಟವರಿಗೆ ಕತೆ ಬೇಕು. ಹಾವಿನ ಕತೆ, ಭೂತಕೋಲದ ಕತೆ, ಕತ್ತಲಲ್ಲಿದ್ದವರು ಬೆಳಕಿಗೆ ಬಂದ ಕತೆ.

ಇಲ್ಲಿ ನನಗೆ ಕಸಿವಿಸಿಯಾಗುತ್ತದೆ, ಮುಚ್ಚಿಡುವುದಿಲ್ಲ. ನಮ್ಮ ಹಳ್ಳಿಯ ದೈವವನ್ನು ಸೈತಾನನೆಂದು ಆ ವೇದಿಕೆಗಳಲ್ಲಿ ಬಣ್ಣಿಸಿದರು. ಅದೇ ಮಿಶನ್ನಿನ ಮ್ಯಾನರ್ ತುಳು ಶಬ್ದಗಳನ್ನು ಒಂದೊಂದಾಗಿ ಹೆಕ್ಕಿ 1886ರಲ್ಲಿ ನಿಘಂಟು ಮಾಡಿದರು, ಪಾಡ್ದನಗಳನ್ನು ಬರೆಸಿಕೊಂಡರು. ಯಾವ ದೈವ ಬೇಡವೆಂದರೋ ಅದರ ಹುಟ್ಟಿನ ಹಾಡನ್ನು ಅಕ್ಷರಕ್ಕೆ ತಂದು ಉಳಿಸಿದರು. ಒಂದೇ ಪೆಟ್ಟಿಗೆಯಲ್ಲಿ ಎರಡೂ ಅಕ್ಕಪಕ್ಕ ಮಲಗಿವೆ: ‘ನೋಡಿ ಇವರ ಅಂಧಕಾರ’ ಎಂದು ತೋರಿಸಲು ಹೊರಟ ವಿಗ್ರಹ, ‘ನೋಡಿ ಇವರ ಕಾವ್ಯ’ ಎಂದು ತೋರಿಸಲು ಹೊರಟ ತಾಳೆಗರಿ. ಪಾದ್ರಿ ಎರಡರ ನಡುವೆಯೂ ಹುಲ್ಲು ತುರುಕುತ್ತಾರೆ, ಒಂದಕ್ಕೊಂದು ತಾಗಿ ಮುರಿಯದಿರಲಿ ಎಂದು.

ಮೂರು ಗಂಟೆಯ ಹೊತ್ತಿಗೆ ಅಂಗಳಕ್ಕೆ ಎತ್ತಿನಗಾಡಿ ಬರುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಬಂದದ್ದು. ಒಳಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಜೊತೆಗೆ ಆಯಾ. ಅಪ್ಪ ಅಮ್ಮ ಬಂದಿಲ್ಲ: ಅಮ್ಮ ಬಸುರಿ, ಅಪ್ಪನಿಗೆ ಠಾಣೆ ಬಿಡುವಂತಿಲ್ಲ. ಸಂಜೆಯೊಳಗೆ ಉಡುಪಿಯಿಂದ ಇನ್ನೊಂದು ಮಗು ಬರಲಿದೆ. ಹಡಗು ಹತ್ತುವ ಪಾದ್ರಿ ದಂಪತಿಗೆ ತಮ್ಮ ಸಾಮಾನಿನ ಜೊತೆ ಸಹೋದ್ಯೋಗಿಗಳ ಮಕ್ಕಳನ್ನೂ ಮುಟ್ಟಿಸುವ ಕೆಲಸ ಇರುತ್ತಿತ್ತು.

1853ರಲ್ಲಿ, ಯೋಸೆಫ್ ಯೋಸೆನ್‌ಹಾನ್ಸ್ ಮಿಶನ್ನಿನ ಇನ್ಸ್‌ಪೆಕ್ಟರ್ ಆಗಿದ್ದಾಗ, ಬಾಸೆಲಿನಲ್ಲಿ ಮಿಶನರಿಗಳ ಮಕ್ಕಳಿಗೆಂದು ಒಂದು ಮನೆ ತೆರೆಯಿತು. ಮುಂದೆ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಎಂದಾಯಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಅಲ್ಲಿಗೆ ಕಳಿಸಬೇಕು. ಕಾರಣಗಳಿದ್ದವು. ಇಲ್ಲಿನ ಜ್ವರ ಎಷ್ಟೋ ಎಳೆಯ ಜೀವಗಳನ್ನು ಒಯ್ದಿತ್ತು. ಮಿಶನ್ನಿನ ಹಳೆಯ ಸಮಾಧಿಗಳ ನಡುವೆ ನಡೆದವರಿಗೆ ಗೊತ್ತು, ಅಲ್ಲಿ ಚಿಕ್ಕ ಕಲ್ಲುಗಳು ಬಹಳ. ಓದಿಗೆ ಜರ್ಮನ್ ಶಾಲೆ ಇರಲಿಲ್ಲ. ಮೂರನೆಯ ಕಾರಣವೇ ಎಲ್ಲಕ್ಕಿಂತ ತೂಕದ್ದು: ಆಯಾಗಳ, ಆಳುಗಳ ಮಡಿಲಲ್ಲಿ ಬೆಳೆದ ಮಗು ಇಲ್ಲಿಯದೇ ಆಗಿಬಿಡುತ್ತದೆ ಎಂಬ ಭಯ. ಅಪ್ಪ ನಿಘಂಟು ಹಿಡಿದು ಹತ್ತು ವರ್ಷ ಕಲಿತ ಭಾಷೆಯನ್ನು ಮಗ ಅಂಗಳದಲ್ಲಿ ಆಡುತ್ತಾ ಎರಡು ವರ್ಷದಲ್ಲಿ ಕಲಿಯುತ್ತಿದ್ದ. ಅಪ್ಪನ ಕನ್ನಡ ಹೆಮ್ಮೆಯ ವಿಷಯ, ಮಗನ ಕನ್ನಡ ಚಿಂತೆಯ ವಿಷಯ!

ತಲಶ್ಶೇರಿಯಲ್ಲಿ ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರಿಗೆ 1842ರಲ್ಲಿ ಹುಟ್ಟಿದ ಮಗಳು ಮಾರಿ. ಮಕ್ಕಳ ಮನೆ ತೆರೆಯುವುದಕ್ಕೂ ಮೊದಲೇ, 1846ರಲ್ಲಿ ಅಪ್ಪ ಅಮ್ಮ ಊರಿಗೆ ಹೋದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ನಾಲ್ಕು ವರ್ಷದ ಮಗು. ಮತ್ತೆ ಅವಳು ಭಾರತದಲ್ಲಿ ಹೆತ್ತವರ ಮುಖ ಕಂಡದ್ದು 1857ರಲ್ಲಿ, ಹರೆಯಕ್ಕೆ ಬಂದ ಹುಡುಗಿಯಾಗಿ. ಇದೇ ಮಾರಿಯ ಮಗ ಹರ್ಮನ್ ಹೆಸ್ಸೆ, ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ, 1946ರ ನೊಬೆಲ್ ಪುರಸ್ಕೃತ. ಮನೆ ಬಿಟ್ಟು ಹೊರಟ ಮಗನ ಕತೆಯನ್ನು ಹೆಸ್ಸೆ ಯಾಕೆ ಅಷ್ಟು ಚೆನ್ನಾಗಿ ಬಲ್ಲ ಎಂದು ವಿಮರ್ಶಕರು ಏನೇನೋ ಬರೆಯುತ್ತಾರೆ. ನನಗೆ ಆ ನಾಲ್ಕು ವರ್ಷದ ಮಗುವೇ ಸಾಕು ಅನಿಸುತ್ತದೆ. ಅದು ನನ್ನ ಊಹೆ, ಪುರಾವೆ ಕೇಳಬೇಡಿ.

ಅಂಗಳದಲ್ಲಿ ಆಯಾ ಗಾಡಿಯಿಂದ ಇಳಿದವಳು ಅಲ್ಲೇ ಕೂತುಬಿಟ್ಟಿದ್ದಾಳೆ. ಹುಡುಗಿ ಅವಳ ಸೆರಗು ಬಿಡುತ್ತಿಲ್ಲ. ಸಂಜೆಯೊಳಗೆ ಬಿಡಿಸಬೇಕು. ಇಡೀ ದಿನದ ಪಟ್ಟಿಯಲ್ಲಿ ಬರೆಯದೆ ಬಿಟ್ಟ ಒಂದೇ ಕೆಲಸ ಇದು. ಬೀಗದ ಕೈ, ಲೆಕ್ಕ, ಪ್ರೂಫು, ಪೆಟ್ಟಿಗೆ ಎಲ್ಲಕ್ಕೂ ಎದುರಿಗೆ ಗೀಟು ಬಿದ್ದಿದೆ. ಇಷ್ಟೊಂದು ಕೆಲಸ ಇಟ್ಟುಕೊಂಡದ್ದೇ ಇದನ್ನು ನೋಡದಿರಲೆಂದು ಇರಬೇಕು ಎಂಬ ಸಂಶಯ ನನಗೆ. ಮನೆಯಲ್ಲಿ ಸಾವಾದಾಗ ಸೌದೆ, ಅಕ್ಕಿ, ಬಂದವರ ಕಾಫಿ ಎಂದು ಓಡಾಡುವ ದೊಡ್ಡಮಗನನ್ನು ನೋಡಿದ್ದೀರಲ್ಲ.

ಊರಿಗೆ ಹೋಗುವ ಪಾದ್ರಿಯ ಹಡಗಿನಲ್ಲಿ ಊರು ಬಿಟ್ಟು ಹೋದವರೂ ಇದ್ದರು. 1846ರಲ್ಲಿ ಮೊಗ್ಲಿಂಗ್ ಯುರೋಪಿಗೆ ಹೋದಾಗ ಜೊತೆಗೆ ಆನಂದರಾವ್ ಕೌಂಡಿನ್ಯ ಇದ್ದರು, ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣ ತರುಣ. ಆ ದೀಕ್ಷೆ ಊರನ್ನೇ ಅಲ್ಲಾಡಿಸಿತ್ತು. ಹೆಂಡತಿ ಲಕ್ಷ್ಮಿ ಅವರ ಹಿಂದೆ ಹೋಗಲಿಲ್ಲ. ಬಾಸೆಲಿನ ಸೆಮಿನರಿಯಲ್ಲಿ ಓದಿ, ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನಲ್ಲಿ 1851ರಲ್ಲಿ ವಾಪಸಾದರು. ಬಂದದ್ದು ಮಿಶನರಿಯಾಗಿ, ಅಂದರೆ ತಮ್ಮದೇ ಊರಿಗೆ ಪರಸ್ಥಳದ ಪಾದ್ರಿಯಾಗಿ! 1860ರಲ್ಲಿ ಜರ್ಮನಿಯ ಮಾರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಕೌಂಡಿನ್ಯರಿಗೆ ‘ಊರಿಗೆ ಹೋಗುವ ರಜೆ’ ಸಿಕ್ಕಿದ್ದರೆ ಯಾವ ದಿಕ್ಕಿನ ಹಡಗು ಹತ್ತಬೇಕಿತ್ತೋ? 1893ರಲ್ಲಿ ಅವರು ತೀರಿಕೊಂಡದ್ದು ಇಲ್ಲೇ.

ಹೋಗಲೇ ಒಪ್ಪದವರು ಬೇರೆ. ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದವರು 1834ರಲ್ಲಿ ಸಾಯುವವರೆಗೂ ಒಮ್ಮೆಯೂ ಇಂಗ್ಲೆಂಡಿಗೆ ಹೋಗಲಿಲ್ಲ. ಶ್ರೀರಾಂಪುರದಲ್ಲಿ ಕೂತೇ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚುಹಾಕಿಸಿದರು. 1895ರಲ್ಲಿ ಬೆಂಗಳೂರಿಗೆ ಬಂದಿಳಿದ ಐರಿಷ್ ಹೆಣ್ಣುಮಗಳು ಏಮಿ ಕಾರ್ಮೈಕಲ್ ತಮಿಳುನಾಡಿನ ದೋನಾವೂರಿಗೆ ಹೋಗಿ ನೆಲೆಸಿ, 1951ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಐವತ್ತೈದು ವರ್ಷ, ಒಂದೂ ರಜೆಯಿಲ್ಲದೆ. ಇಂಥವರನ್ನು ಮೆಚ್ಚುವವರು ಬಹಳ. ನಾನು ಆರಾಣೆಗೆ ತಡಕಾಡುವ ನಮ್ಮ ಪಾದ್ರಿಯ ಕಡೆಯವನು. ಊರು ನೆನಪಾಗದವರ ಮಾತನ್ನು ನಂಬುವುದು ಸ್ವಲ್ಪ ಕಷ್ಟ.

ಹೊರಡುವ ದಿನವೇ ಸಿಗದೆ ಹೋದವರೂ ಇದ್ದಾರೆ. 1914ರಲ್ಲಿ ಯುದ್ಧ ಶುರುವಾದದ್ದೇ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳಾದರು. ಕನ್ನಡದಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು. 1915ರ ಕೊನೆಗೆ, ಮತ್ತೆ 1916ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಅಂಥವರನ್ನು ತುಂಬಿಕೊಂಡು ಹೋಯಿತು. ಚೀಟಿ ಕಟ್ಟಲು ಬೀಗದ ಕೈಗಳೂ ಇಲ್ಲ, ಬಿನ್ನವತ್ತಳೆಯೂ ಇಲ್ಲ. ಹಂಚಿನ ಕಾರ್ಖಾನೆ, ಮಗ್ಗ ಎಲ್ಲ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೆಸರಿಗೆ ಹೋದವು.

ನಮ್ಮ 1893ರ ಸಂಜೆಗೆ ಬಿನ್ನವತ್ತಳೆ ಇದೆ. ಸಭೆಯವರೆಲ್ಲ ಸೇರಿದ್ದಾರೆ. ಹಂಚಿನ ಕಾರ್ಖಾನೆಯವರು ಕೆಂಪುಮಣ್ಣಿನ ಕಾಲನ್ನು ತಿಕ್ಕಿ ತೊಳೆದು ಬಂದಿದ್ದಾರೆ, ಮಗ್ಗದವರು ತಾವು ನೇಯ್ದದ್ದನ್ನೇ ಉಟ್ಟಿದ್ದಾರೆ. ಉಪದೇಶಿಯವರು ಸುರುಳಿ ಬಿಚ್ಚಿ ಓದುತ್ತಾರೆ; ಕನ್ನಡದ ಬಿನ್ನವತ್ತಳೆಗಳಿಗೆ ಆಗಲೂ ಈಗಲೂ ಒಂದೇ ಕಾಯಿಲೆ, ಮುಗಿಯುವುದಿಲ್ಲ. ಆಮೇಲೆ ಬಾಳೆಹಣ್ಣು, ಅವಲಕ್ಕಿ. ಆಮೇಲೆ ಮೂಲೆಯಲ್ಲಿ ಒಬ್ಬೊಬ್ಬರದೇ ಪಿಸುಮಾತು: ಬರುವಾಗ ಒಂದು ಜೇಬುಗಡಿಯಾರ, ಬರುವಾಗ ಕನ್ನಡಕ, ಬರುವಾಗ ಒಳ್ಳೆಯ ಕತ್ತರಿ. ಪಾದ್ರಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಯಾರ ಬಾಯಲ್ಲೂ ‘ನೀವು ವಾಪಸು ಬರುತ್ತೀರಾ’ ಎಂಬ ಪ್ರಶ್ನೆಯಿಲ್ಲ, ಗಡಿಯಾರ ಕೇಳಿದರೆ ಅದೂ ಕೇಳಿದ ಹಾಗೆಯೇ. ಊರಿಗೆ ಹೋದವರೆಲ್ಲ ಬರುತ್ತಿರಲಿಲ್ಲ. ವೈದ್ಯರು ಬೇಡವೆನ್ನುತ್ತಿದ್ದರು, ಹೆಂಡತಿ ಕಾಯಿಲೆ ಬೀಳುತ್ತಿದ್ದಳು. ಮೊಗ್ಲಿಂಗ್ 1860ರಲ್ಲಿ ಹೋದವರು ಮರಳಲಿಲ್ಲ, 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ರಾತ್ರಿ ಹನ್ನೊಂದಕ್ಕೆ ಕಮಿಟಿಗೆ ಕೊನೆಯ ಕಾಗದ. ‘ಎಲ್ಲವನ್ನೂ ಕ್ರಮವಾಗಿ ಒಪ್ಪಿಸಿದ್ದೇನೆ’ ಎಂದು ಬರೆದು ಮರಳು ಉದುರಿಸಿ ಆರಿಸುತ್ತಾರೆ. ಒಳಗಿನ ಕೋಣೆಯಲ್ಲಿ ಮಡಿಕೇರಿಯ ಹುಡುಗಿ ನಿದ್ದೆಯಲ್ಲಿ ಏನೋ ಕನವರಿಸುತ್ತಾಳೆ, ಕನ್ನಡದಲ್ಲಿ.

ಬೆಳಿಗ್ಗೆ ದೋಣಿ. ದಡದಲ್ಲಿ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಪಾದ್ರಿಯೂ ಇಷ್ಟು ವರ್ಷದಲ್ಲಿ ಅಷ್ಟು ಕಲಿತಿದ್ದಾರೆ. ‘ಪೋದು ಬರ್ಪೆ’ ಎಂದು ತುಳುವಿನಲ್ಲೇ ಹೇಳುತ್ತಾರೆ. ಅಳಿವೆಯ ದಿಬ್ಬದ ಮೇಲೆ ದೋಣಿ ಎರಡು ಸಲ ಎಗರಿ ಬಿದ್ದಾಗ ಒಂದು ಪೆಟ್ಟಿಗೆಗೆ ಉಪ್ಪುನೀರು ಬೀಳುತ್ತದೆ, ಪುಣ್ಯಕ್ಕೆ ತಾಳೆಗರಿಯದ್ದಲ್ಲ, ಕೋಟಿನದ್ದು. ಹುಡುಗಿ ಹಡಗಿನ ಅಂಚಿಗೆ ಹೋಗದಂತೆ ಪಾದ್ರಿಯ ಹೆಂಡತಿ ಅವಳ ಲಂಗದ ತುದಿಗೆ ತನ್ನ ಸೊಂಟದಿಂದ ದಾರ ಕಟ್ಟಿಕೊಂಡಿದ್ದಾಳೆ.

ಬಲ್ಮಠದಲ್ಲಿ ಹೊಸ ಪಾದ್ರಿ ಚೀಟಿಗಳನ್ನು ಓದುತ್ತಾ ಒಂದೊಂದೇ ಬಾಗಿಲು ತೆರೆಯುತ್ತಾರೆ. ಶಾಲೆ ತೆರೆಯಿತು, ಪುಸ್ತಕದ ಕೋಣೆ ತೆರೆಯಿತು, ಹಣದ ಪೆಟ್ಟಿಗೆ ತೆರೆಯಿತು. ಔಷಧದ ಕಪಾಟು ಮಾತ್ರ ತೆರೆಯುವುದಿಲ್ಲ. ಚೀಟಿ ಇದೆ, ಕೈ ಇಲ್ಲ. ಕಮ್ಮಾರನನ್ನು ಕರೆಸಿ ಬೀಗ ಒಡೆಸಿ ಒಂದೂವರೆ ವಾರವಾದ ಮೇಲೆ, ಕಲ್ಲಿದ್ದಲು ತುಂಬಿಸಿಕೊಳ್ಳಲು ಹಡಗು ನಿಂತ ಏಡನ್ನಿನಿಂದ ಅಂಚೆಯಲ್ಲಿ ಒಂದು ಪುಟ್ಟ ಲಕೋಟೆ ಹೊರಡುತ್ತದೆ. ಕಾಗದವಿಲ್ಲ. ಒಳಗೆ ಒಂದು ಬೀಗದ ಕೈ, ಅದರ ಕುಣಿಕೆಗೆ ಸುತ್ತಿದ ಬಲ್ಮಠದ ಮಗ್ಗದ ನೂಲು.